ಮೆತ್ತಗಾದ ವಾಲ್ವು

ಕೇಳ್ರಪ್ಪಾ, ಇದು ರೇಡಿಯೋ ಒಳಗೆ ಗಾಜಿನ ಬುರುಡೆಗಳು ಉರೀತಿದ್ದ ಕಾಲದ ಮಾತು. ಆ ಬುರುಡೆಗಳಿಗೆ ವಾಲ್ವು ಅಂತಿದ್ರು. ಕೊಳ್ಳೇಗಾಲದಲ್ಲಿ ಹಪ್ಪಳ ಮಾಡಿ ಮಾರೋ ಕೆಂಪದೇವಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮರಿಸ್ವಾಮಿ. ಇಪ್ಪತ್ತೈದು ತುಂಬಿತ್ತು, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಬಾಗಿಲು ನೋಡ್ಕೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಕಳ್ಳ ಬಂದು ಬಿಂದಿಗೆ ಹೊತ್ಕೊಂಡು ಹೋದ್ರೂ ಕಣ್ಣು ಕೀಳೋನಲ್ಲ.

"ನಿನ್ನ ಕಟ್ಕೊಂಡು ಏನ್ಲಾ ಮಾಡ್ಲಿ!" ಅಂತ ಅವ್ವ ಹಣೆ ಹಣೆ ಚಚ್ಚಿಕೊಂಡಳು. ಕೊನೆಗೆ ರೇಡಿಯೋ ರಿಪೇರಿ ಮಾಡೋ ಖುದ್ದೂಸ್ ಸಾಬ್ರ ಅಂಗಡಿಗೆ ಕರ್ಕೊಂಡು ಹೋದಳು.

"ಸಾಬ್ರೇ, ಇವನ್ನ ಕೈಕೆಳಗೆ ಇಟ್ಕಳಿ. ಹೇಳಿದ್ದು ಹೇಳಿದಂಗೇ ಮಾಡ್ತಾನೆ. ಅದೇ ಇವನ ಗುಣ, ಅದೇ ಇವನ ರೋಗ!"

ಸಾಬ್ರು ನಕ್ಕು ಇಟ್ಕೊಂಡ್ರು.

ಮೊದಲನೇ ದಿನ. ಸಾಬ್ರು ಒಂದು ವಾಲ್ವು ಕಿತ್ತು ಮೀಟರಿಗೆ ಹಚ್ಚಿ ನೋಡಿದ್ರು. "ಇದು ಮೆತ್ತಗಾಗಿದೆ ಮರಿ, ಗಟ್ಟಿದು ಬೇಕು" ಅಂದು ಟೀ ಕುಡಿಯೋಕೆ ಹೋದ್ರು. ಬಂದು ನೋಡ್ತಾರೆ, ವಾಲ್ವೂ ಇಲ್ಲ, ಮರಿಸ್ವಾಮಿಯೂ ಇಲ್ಲ! ಹುಡುಕ್ಕೊಂಡು ಅವನ ಮನೆಗೆ ಹೋದ್ರೆ, ಅಂಗಳದ ಚಾಪೆ ಮೇಲೆ ಹಪ್ಪಳದ ಸಾಲು, ಸಾಲಿನ ನಡುವೆ ವಾಲ್ವು!

"ಏನೋ ಇದು?"

"ಮೆತ್ತಗಾಗಿದೆ ಅಂದ್ರಲ್ಲಾ ಸಾಬ್ರೇ! ಹಪ್ಪಳ ಮೆತ್ತಗಾದ್ರೆ ಅವ್ವ ಬಿಸಿಲಿಗೆ ಹಾಕ್ತಾಳೆ. ಸಂಜೆ ಹೊತ್ತಿಗೆ ಗಟ್ಟಿಯಾಗ್ತದೆ!"

"ಅರೆ ಪೆದ್ದಾ! ಗಾಜು ಎಲ್ಲಾದ್ರೂ ಮೆತ್ತಗಾಗ್ತದೇನೋ! ವಾಲ್ವು ಮೆತ್ತಗಾಗಿದೆ ಅಂದ್ರೆ ಒಳಗೆ ಇರಬಾರದ ಗಾಳಿ ಸೇರ್ಕೊಂಡಿದೆ ಅಂತ. ಗಾಳಿ! ತಿಳೀತಾ?"

"ತಿಳೀತು ಸಾಬ್ರೇ! ಗಾಳಿ!"

ಎರಡನೇ ದಿನ ಇನ್ನೊಂದು ರೇಡಿಯೋ ಬಂತು. ಸಾಬ್ರು ನೋಡಿ, "ಇದಕ್ಕೂ ಗಾಳಿ ಸೇರ್ಕೊಂಡಿದೆ" ಅಂದು ಪಕ್ಕದ ಅಂಗಡಿಗೆ ಹೋದ್ರು. ತಿರುಗಿ ಬಂದ್ರೆ ಅಂಗಡಿ ತುಂಬಾ ಓಮದ ವಾಸನೆ! ಮರಿಸ್ವಾಮಿ ರೇಡಿಯೋನ ತೊಡೆ ಮೇಲೆ ಕೂರಿಸ್ಕೊಂಡು ಬೆನ್ನು ತಟ್ತಾ ಇದ್ದಾನೆ.

"ಒಂದು ಚೊಂಬು ಓಮದ ಕಷಾಯ ಹುಯ್ದಿದ್ದೀನಿ ಸಾಬ್ರೇ. ಇನ್ನೂ ತೇಗು ಬಂದಿಲ್ಲ!"

"ಯಾ ಅಲ್ಲಾ! ಅದಕ್ಕೇನು ಹೊಟ್ಟೆ ಉಬ್ಬರವೇನೋ! ಗಾಳಿ ಸೇರಿದ್ರೆ ಕತೆ ಮುಗೀತು. ಬಿಚ್ಚು, ಎಸಿ! ತಿಳೀತಾ?"

"ತಿಳೀತು ಸಾಬ್ರೇ! ಬಿಚ್ಚು, ಎಸಿ!"

ಮೂರನೇ ದಿನ ಸಾಬ್ರು ತಮ್ಮ ಸೈಕಲ್ ಕೊಟ್ಟು ಒಂದು ಸಾಮಾನು ತರೋಕೆ ಕಳಿಸಿದ್ರು. ಮರಿಸ್ವಾಮಿ ಸಾಮಾನು ತಂದ. ಸೈಕಲ್ಲೂ ತಂದ. ಚಕ್ರಕ್ಕೆ ಬರೀ ಕಬ್ಬಿಣ, ರಬ್ಬರೇ ಇಲ್ಲ!

"ಟೈರು, ಟ್ಯೂಬು ಎಲ್ಲೋ?"

"ಒತ್ತಿ ನೋಡ್ದೆ ಸಾಬ್ರೇ, ಗಾಳಿ ಸೇರ್ಕೊಂಡಿತ್ತು. ಒಂದಕ್ಕಲ್ಲ, ಎರಡಕ್ಕೂ! ಬಿಚ್ಚಿ ಕೆರೆಗೆ ಎಸೆದೆ!"

ಸಾಬ್ರು ತಲೆ ಮೇಲಿನ ಟೋಪಿ ತೆಗೆದು ಮತ್ತೆ ಹಾಕ್ಕೊಂಡ್ರು. ಮತ್ತೆ ತೆಗೆದ್ರು.

"ಸೈಕಲ್ ಮಾತಲ್ಲವೋ! ರೇಡಿಯೋ ಮಾತು! ರೇಡಿಯೋ ಹತ್ರ ನಿಂತಾಗ ಮೆತ್ತಗೆ ಅಂದ್ರೆ ಗಾಳಿ ಇರೋದು. ಗಟ್ಟಿ ಅಂದ್ರೆ ಗಾಳಿ ಇಲ್ಲದ್ದು. ಬೇರೆ ಅರ್ಥವೇ ಇಲ್ಲ. ಹೇಳು!"

ಮರಿಸ್ವಾಮಿ ಹೇಳಿದ. ಉಣ್ತಾ ಹೇಳಿದ, ನಡೀತಾ ಹೇಳಿದ, ಅವ್ವನಿಗೂ ಹೇಳಿದ. ಒಂದಕ್ಷರ ತಪ್ಪಲಿಲ್ಲ.

ಶುಕ್ರವಾರ ಬಂತು. ಶಿವಬಸಪ್ಪ ಮೇಷ್ಟ್ರ ಮಗಳು ಸರ್ವಮಂಗಳ ಅವತ್ತು ಸಂಜೆ ಮೈಸೂರು ಆಕಾಶವಾಣಿಯಲ್ಲಿ ಹಾಡ್ತಾಳೆ! ಆ ಬೀದಿಯಿಂದ ರೇಡಿಯೋದಲ್ಲಿ ಹಾಡೋ ಮೊದಲನೇ ಹೆಣ್ಣುಮಗಳು. ಬೀದಿ ಬೀದಿಯೇ ಮೇಷ್ಟ್ರ ಮನೆ ಪಡಸಾಲೆಯಲ್ಲಿ ತುಂಬಿತ್ತು. ಸಾಬ್ರು ಬಂದು ಮೇಷ್ಟ್ರ ರೇಡಿಯೋಗೆ ಹೊಸ ವಾಲ್ವು ಹಾಕಿ, ಮರಿಸ್ವಾಮಿಯನ್ನ ಅದರ ಹಿಂದೆ ನಿಲ್ಲಿಸಿ ನಮಾಜಿಗೆ ಹೋದ್ರು.

"ಏನಪ್ಪಾ, ವಾಲ್ವು ಚೆನ್ನಾಗಿದೆಯಾ?" ಮೇಷ್ಟ್ರು ಕೇಳಿದ್ರು.

ಮರಿಸ್ವಾಮಿ ಎದೆ ಸೆಟೆಸಿದ. "ಗಟ್ಟಿ ವಾಲ್ವು ಮೇಷ್ಟ್ರೇ. ಗಾಳಿ ಒಂಚೂರೂ ಇಲ್ಲ. ಗಾಳಿ ಸೇರಿದ್ದಾದ್ರೆ ಮೆತ್ತಗಿನ ವಾಲ್ವು ಅಂತೀವಿ."

ಪಡಸಾಲೆ ಪಡಸಾಲೆಯೇ ಬಾಯಿಬಿಟ್ಟು ನೋಡಿತು. "ಭಲೇ! ಎಂಥಾ ವಿದ್ಯೆ ಕಲ್ತವನೆ!" ಅಂದ್ರು ಮೇಷ್ಟ್ರು. ಕೆಂಪದೇವಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡಳು. ಇಪ್ಪತ್ತೈದು ವರ್ಷದಲ್ಲಿ ಯಾರೂ ಅವಳ ಮಗನಿಗೆ ಭಲೇ ಅಂದಿರಲಿಲ್ಲ. ಅಕ್ಕಪಕ್ಕದವರ ಭುಜ ತಿವಿದು ತಿವಿದು ಹೇಳಿದಳು: "ನನ್ನ ಮಗ ಕನ್ರವ್ವಾ! ನನ್ನ ಮಗ!"

ಹಾಡು ಶುರುವಾಯ್ತು. ಅಬ್ಬಾ, ಏನು ಕಂಠ! ಮೇಷ್ಟ್ರ ಮುಖ ಅರಳಿತು. ಆದ್ರೆ ಹೊಸ ವಾಲ್ವಲ್ಲವಾ, ಸದ್ದಿಗೆ ಕಿಟಕಿ ಗಾಜೆಲ್ಲಾ ಗಡಗಡ ಅಂದವು, ತೊಟ್ಟಿಲ ಕೂಸು ಕಿಟಾರನೆ ಕಿರುಚಿತು.

ಮೇಷ್ಟ್ರು ಕಿವಿ ಮುಚ್ಚಿ ಕೂಗಿದ್ರು. "ಮರಿಸ್ವಾಮೀ, ಒಂಚೂರು ಮೆತ್ತಗೆ ಮಾಡಪ್ಪಾ!"

ಮರಿಸ್ವಾಮಿ ತಬ್ಬಿಬ್ಬಾದ. "ಮೆತ್ತಗೆ ಮಾಡ್ಲಾ ಮೇಷ್ಟ್ರೇ? ನಿಜವಾಗ್ಲೂ?"

"ಹೂಂ ಕಣಪ್ಪಾ! ಬೇಗ ಮಾಡು!"

ಹೇಳಿದ ಮೇಲೆ ಇನ್ನೇನು! ಜೇಬಿಂದ ಇಕ್ಕಳ ತೆಗೆದ, ಬಗ್ಗಿದ, ಹೊಸ ವಾಲ್ವಿನ ಗಾಜಿನ ತುದಿ ಹಿಡಿದು ಮುರಿದ. ಪಟ್! ಸುಯ್ಯಂತ ಗಾಳಿ ಒಳಗೆ ಹೋಯ್ತು. ಹಾಡು ಅಲ್ಲೇ ನಿಂತಿತು.

"ಏನೋ ಮಾಡ್ದೆ?" ಮೇಷ್ಟ್ರು ಎದ್ದು ಓಡಿ ಬಂದ್ರು.

ಮರಿಸ್ವಾಮಿ ಇಕ್ಕಳ ಎತ್ತಿ ಹಿಡಿದು, ಅವ್ವನ ಕಡೆ ಒಂದು ಸಲ ನೋಡಿ, ಮೀಸೆ ತಿರುವಿದ.

"ಮಾಡ್ದೆ ಮೇಷ್ಟ್ರೇ! ಇದಕ್ಕಿಂತ ಮೆತ್ತಗೆ ಸಾಬ್ರ ಕೈಲೂ ಆಗಲ್ಲ!"