ಜುಂಪೆ ಓಡಿದ ದಾರಿ

ಜಪಾನಿನ ಒಂದು ನದಿಯ ದಂಡೆಯಲ್ಲಿ ಹುಲ್ಲಿಲ್ಲದ ಮಣ್ಣಿನ ಮೈದಾನವಿತ್ತು. ಇವಾಕಿಚಿ ಎಂಬ ಗುರುಗಳು ಅಲ್ಲಿ ನಲವತ್ತು ವರ್ಷ ಫುಟ್‌ಬಾಲ್ ಕಲಿಸಿದ್ದರು. ಈಗ ಅವರ ಮಂಡಿಗಳು ಸೋತಿದ್ದವು.

ಹೊಸ ವರ್ಷದ ಮೊದಲ ದಿನ ಹಳೆಯ ಶಿಷ್ಯರೆಲ್ಲ ಬಂದು ಒಂದು ಆಟ ಆಡುವುದು ಪದ್ಧತಿ. ಆಟ ಮುಗಿದ ಮೇಲೆ ಎಲ್ಲರೂ ಸೇರಿ ಮರದ ಹಲಗೆ ಎಳೆದು ಮಣ್ಣು ಸಮ ಮಾಡಬೇಕು. ಎಲ್ಲರೂ ಎಂದರೆ, ಕಜುಮಾ ಒಬ್ಬನನ್ನು ಬಿಟ್ಟು.

ಕಜುಮಾನನ್ನು ದೇಶವೇ ತಲೆ ಮೇಲೆ ಹೊತ್ತು ಮೆರೆಸುತ್ತಿತ್ತು. ಅವನ ಓರಗೆಯವರ ಹೆಸರು ಹೇಳಿದರೆ ಅವರ ಬೀದಿಯವರೇ ಒಂದು ಕ್ಷಣ ಯೋಚಿಸಬೇಕಿತ್ತು. ಆಟ ಮುಗಿಯುತ್ತಲೇ ಜನ ಬೇಲಿಗೆ ಮುತ್ತುತ್ತಿದ್ದರು. ಅವನು ಸಹಿ ಹಾಕಿ ಬರುವಷ್ಟರಲ್ಲಿ ಮೈದಾನ ಸಮವಾಗಿರುತ್ತಿತ್ತು. ಪಾಪ, ಅವನೂ ಬೇಕೆಂದು ತಪ್ಪಿಸಿಕೊಂಡವನಲ್ಲ.

ಈ ವರ್ಷ ಮಾತ್ರ ಗುರುಗಳು ಉಳಿದವರನ್ನು ಸೂಪ್ ಕುಡಿಯಲು ಮೈದಾನದ ಪಕ್ಕದ ತಮ್ಮ ಮನೆಯೊಳಗೆ ಕಳಿಸಿದ್ದರು. ಒದ್ದೆ ಮಣ್ಣು ತುಳಿದ ಹಾಗೇ ಬಿದ್ದಿತ್ತು.

ಕಜುಮಾ ಬಂದು ಗುರುಗಳ ಪಕ್ಕ ಕುಸಿದು ಕೂತ.

“ಗುರುಗಳೇ, ಜುಂಪೆ ಆಟ ಬಿಡುತ್ತಾನಂತೆ. ಇವತ್ತೇ ಊರಿಗೆ ಹೊರಡುತ್ತಾನಂತೆ.”

ಏಳನೇ ವಯಸ್ಸಿನಿಂದ ಇಬ್ಬರೂ ಒಂದೇ ತಂಡದಲ್ಲಿದ್ದವರು. ಇವತ್ತೂ ಒಂದೇ ಕಡೆ ಆಡಿದ್ದರು.

“ಯಾಕೆ ಅಂತ ಕೇಳಿದೆಯಾ?”

“ಕೇಳಿದೆ. ದಣಿದಿದ್ದೇನೆ ಅಂದ, ಅಷ್ಟೇ. ಅವನಿಗೆ ಹೊಟ್ಟೆಕಿಚ್ಚು, ನನಗೆ ಗೊತ್ತು. ಜನ ನನ್ನ ಹೆಸರು ಕೂಗಿದರೆ ಅದು ನನ್ನ ತಪ್ಪೇ?”

“ಅಲ್ಲ.”

“ಮತ್ತೆ ನನಗೇಕೆ ಇಷ್ಟು ಸಂಕಟ? ನಾನೂ ದಣಿದಿದ್ದೇನೆ, ಗುರುಗಳೇ.”

ಗುರುಗಳು ಹಲಗೆಯನ್ನು ಅವನ ಕೈಗಿಟ್ಟರು.

“ಅಳಿಸುವ ಮೊದಲು ನಿನ್ನ ಹೆಜ್ಜೆಗುರುತುಗಳು ಯಾವುವು, ನೋಡಿಕೊಂಡು ಬಾ.”

ಕಜುಮಾ ಒಲ್ಲದ ಮನಸ್ಸಿನಿಂದ ಹೋದ. ಅವನ ಹೆಜ್ಜೆಗಳೆಲ್ಲ ಎದುರಾಳಿಯ ಗೋಲಿನ ಬಳಿಯೇ ಇದ್ದವು. ಅಲ್ಲಿಂದ ಹಿಂದಕ್ಕೆ, ತಮ್ಮ ಗೋಲಿನವರೆಗೆ, ಬೇರೊಬ್ಬನ ಹೆಜ್ಜೆಗಳು ಕಾಲುದಾರಿಯ ಹಾಗೆ ಬಿದ್ದಿದ್ದವು. ಎಡಗಾಲಿನ ಗುರುತು ಹೊರಕ್ಕೆ ವಾಲಿತ್ತು. ಹಾಗೆ ಕಾಲಿಡುವವನು ಜುಂಪೆ ಒಬ್ಬನೇ.

ಅವನು ಬಹಳ ಹೊತ್ತು ನಿಂತು ನೋಡಿ ಹಿಂತಿರುಗಿದ.

“ನಾನು ಚೆಂಡು ಕಳೆದುಕೊಂಡಾಗಲೆಲ್ಲ ಜುಂಪೆ ಹಿಂದಕ್ಕೆ ಓಡಿದ್ದಾನೆ. ನಾನು ಒಮ್ಮೆಯೂ ಓಡಿಲ್ಲ.”

“ಹೌದು.”

“ಪ್ರತಿ ವರ್ಷವೂ ಹೀಗೆಯೇ?”

“ಪ್ರತಿ ವರ್ಷವೂ. ಆಮೇಲೆ ಅವನೇ ಹಲಗೆ ಎಳೆದು ಅಳಿಸುತ್ತಿದ್ದ.”

ಕಜುಮಾನಿಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು. ಬೇಲಿಯ ಬಳಿ ಜನ ಇನ್ನೂ ಅವನ ಹೆಸರು ಕೂಗುತ್ತಿದ್ದರು.

“ಈಗಲೇ ಹೋಗಿ ಅವರಿಗೆ ಹೇಳುತ್ತೇನೆ, ಗುರುಗಳೇ. ಜುಂಪೆ ನನಗಿಂತ ದೊಡ್ಡ ಆಟಗಾರ ಅಂತ ಎಲ್ಲರೆದುರು ಹೇಳುತ್ತೇನೆ.”

ಗುರುಗಳು ಮಂಡಿ ನೀವಿಕೊಳ್ಳುತ್ತ ನಿಟ್ಟುಸಿರು ಬಿಟ್ಟರು.

“ಅವರಿಗೆ ಹೇಳಿದರೆ ನಿನ್ನನ್ನೇ ಇನ್ನಷ್ಟು ಮೆಚ್ಚಿಕೊಳ್ಳುತ್ತಾರೆ. ಜುಂಪೆ ಇನ್ನೂ ಒಳಗೇ ಇದ್ದಾನೆ.”