ನವಿಲು ಚಿತ್ತಾರದ ಥಾನು

“ಕೊಟ್ಟವನು ಒಂದಿಷ್ಟು ಹೆಮ್ಮೆ ಪಟ್ಟರೆ ತಪ್ಪೇನು, ಗುರುಗಳೇ?”

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಹೀಗೆ ಕೇಳಿದವನು ಜವಳಿ ವರ್ತಕ ಈರಸಂಗಪ್ಪ. ಕೆರೆಯಾಚೆಯ ಓಣಿಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಕಾಣದ ಮಕ್ಕಳಿಗೆಲ್ಲ ಅವನು ಬಟ್ಟೆ ಹಂಚಿದ್ದ. ಹಂಚಿದ್ದನ್ನು ಗುರುಗಳ ಮುಂದೆ ವಿಸ್ತಾರವಾಗಿ ಹೇಳಿದ. ನಿನ್ನೆ ನಡೆದದ್ದನ್ನು ಮಾತ್ರ ಹೇಳಲಿಲ್ಲ.

ಗುರುಗಳು ನಕ್ಕರು. “ಒಂದು ಕತೆ ಹೇಳುತ್ತೇನೆ ಕೇಳು. ಪ್ರತಿ ಅಕ್ಷರವೂ ನಿಜ. ಒಂದಕ್ಷರ ಸುಳ್ಳು ಕಂಡರೂ ಈ ಗಡ್ಡ ಬೋಳಿಸಿ ನಿನ್ನ ಕೈಗೆ ಕೊಡುತ್ತೇನೆ, ದಿಂಬು ಮಾಡಿಸಿಕೋ” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಮ್ಮೆ ಅವನಿಗಿಂತ ದಪ್ಪ. ಅಂಗಡಿಯಿಂದ ಹೊರಡುವಾಗ ಮೊದಲು ಹೆಮ್ಮೆ ಬಾಗಿಲು ದಾಟುತ್ತಿತ್ತು, ಅವನು ಆಮೇಲೆ. ಹಾಗಂತ ಕೆಟ್ಟವನಲ್ಲ. ಹಬ್ಬದ ದಿನ ಹಳೆಯ ಅಂಗಿಯಲ್ಲಿ ನಿಂತ ಮಗುವನ್ನು ಕಂಡರೆ ಅವನಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದೀಪಾವಳಿಗೆ ಬಡ ಮಕ್ಕಳಿಗೆಲ್ಲ ಬಟ್ಟೆ ಹೊಲಿಸಿದ. ಒಬ್ಬರದು ಚೆಂದ, ಇನ್ನೊಬ್ಬರದು ಸಾದಾ ಎಂಬ ಜಗಳ ಬರಬಾರದೆಂದು ಎಲ್ಲವನ್ನೂ ಒಂದೇ ಬಟ್ಟೆಯ ಥಾನಿನಲ್ಲಿ ಕತ್ತರಿಸಿದ. ಕುಂಬಳಹೂವಿನ ಬಣ್ಣ, ಮೈತುಂಬ ನವಿಲು. ಆ ಥಾನು ಬಿಚ್ಚಿದರೆ ಸಾಕು, ಪಕ್ಕದೂರಿನ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು.

“ಕೋಳಿ ಕೂಗಿದ್ದೂ ನಿಜವೇ?” ಎಂದ ಈರಸಂಗಪ್ಪ.

“ನಂಬಿಕೆ ಇಲ್ಲದಿದ್ದರೆ ಕೋಳಿಗಳನ್ನೇ ಕೇಳು, ಹೋಗು.”

ಚತುರ್ದಶಿಯ ಬೆಳಿಗ್ಗೆ ವರ್ತಕ ಎಣ್ಣೆಸ್ನಾನ ಮುಗಿಸಿ, ಜರಿ ಪೇಟ ಸುತ್ತಿ, ತನ್ನ ನವಿಲುಗಳನ್ನು ನೋಡಲು ಆ ಮಕ್ಕಳ ಓಣಿಗೆ ಹೊರಟ. ಒಂದು ನವಿಲೂ ಕಾಣಲಿಲ್ಲ. ಬಟ್ಟೆ ಪಡೆದ ಮಕ್ಕಳಲ್ಲಿ ಕೆಲವರು ಹಳೆಯ ಅಂಗಿಯಲ್ಲೇ ಇದ್ದರು, ಉಳಿದವರು ಹೊರಗೇ ಬಂದಿರಲಿಲ್ಲ. ವರ್ತಕನ ಮುಖ ಸಣ್ಣದಾಯಿತು. ಒಬ್ಬ ಹುಡುಗಿಯನ್ನು ನಿಲ್ಲಿಸಿದ.

“ಯಾಕವ್ವಾ, ಲಂಗ ಬಿಗಿಯಾಯ್ತೇನು?”

“ಇಲ್ಲ ಸಾವ್ಕಾರ್ರೇ, ಹೇಳಿ ಹೊಲಿಸಿದಂಗ ಐತಿ. ರಾತ್ರಿ ತಲೆದಿಂಬಿನ ಕೆಳಗ ಇಟ್ಕೊಂಡು ಮಲಗಿದ್ದೆ.”

“ಮತ್ತೆ ಹಾಕ್ಕೊಂಡಿಲ್ಲ?”

“ಹಾಕ್ಕೊಂಡು ಬಂದ್ರ, ‘ಧರ್ಮದ ನವಿಲು ಬಂತು’ ಅಂತ ಊರ ಹುಡುಗರು ಕೂಗ್ತಾರ. ಒಂದೇ ಥಾನಿನಾಗ ಹೊಲಿಸೋದು ಒಂದೇ ಮನಿಯವರಿಗೆ ಅಲ್ಲೇನ್ರಿ? ನಿಮ್ಮ ಮಕ್ಕಳದು ಯಾಕ ಬ್ಯಾರೆ ಐತಿ?”

ಹಬ್ಬಕ್ಕೆ ಒಂದು ಮನೆಯ ಅಣ್ಣತಮ್ಮ ಅಕ್ಕತಂಗಿಯರಿಗೆಲ್ಲ ಒಂದೇ ಥಾನಿನಲ್ಲಿ ಹೊಲಿಸುವುದು ಆ ಊರಿನ ರೂಢಿ. ವರ್ಷ ವರ್ಷವೂ ಹಾಗೆ ಅಳೆದು ಕೊಟ್ಟವನು ಆ ವರ್ತಕನೇ. ಅವನಿಗೇ ಅದು ಹೊಳೆದಿರಲಿಲ್ಲ.

ಈರಸಂಗಪ್ಪ ತನ್ನ ಜರಿ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಆಮೇಲೆ... ಆ ವರ್ತಕ ಏನು ಮಾಡಿದ?”

ಏನು ಮಾಡಿದ! ಉಳಿದ ಥಾನನ್ನು ಹೆಗಲ ಮೇಲೆ ಹೊತ್ತು ದರ್ಜಿಯ ಮನೆಗೆ ಓಡಿದ. ಹೊಲಿಗೆ ಯಂತ್ರದಿಂದ ಹೊಗೆ ಬರುವ ತನಕ ಹೊಲಿಸಿದ. ಪಾಡ್ಯದ ಬೆಳಿಗ್ಗೆ ಅವನ ಮಗನಿಗೆ ನವಿಲು ಅಂಗಿ, ಮಗಳಿಗೆ ನವಿಲು ಲಂಗ, ಹೆಂಡತಿಗೆ ನವಿಲು ಕುಪ್ಪಸ. ಅವನ ಅಂಗಿಗೆ ಹಿಡಿದ ಬಟ್ಟೆಯಲ್ಲಿ ಒಂದು ಮದುವೆ ಚಪ್ಪರ ಹೊದಿಸಬಹುದಿತ್ತು. ಅದನ್ನು ತೊಟ್ಟು ಮನೆಮಂದಿಯೊಂದಿಗೆ ನಡುಬೀದಿಯಲ್ಲಿ ನಿಂತ. ಓಣಿಯಲ್ಲಿ ಮೊದಲು ಒಂದು ಬಾಗಿಲು ತೆರೆಯಿತು. ಆ ಹುಡುಗಿ ಲಂಗ ಚಿಮ್ಮಿಸುತ್ತ ಬಂದಳು. ಹಿಂದೆಯೇ ನವಿಲುಗಳ ಹಿಂಡು. ಯಾವುದು ಸಾವ್ಕಾರನ ಮಗು, ಯಾವುದು ಓಣಿಯ ಮಗು, ಯಾರಿಗೂ ಹೇಳಲಾಗಲಿಲ್ಲ. ಕೂಗಲು ಕಾದಿದ್ದ ಹುಡುಗರು ಮನೆಗೆ ಓಡಿ, ನಮಗೂ ನವಿಲು ಬೇಕೆಂದು ಹಟ ಹಿಡಿದು ಅತ್ತರು. ಅಂದು ವರ್ತಕನ ಹೆಮ್ಮೆ ಊರಿನ ಅಗಸೆ ಬಾಗಿಲಿಗಿಂತ ಎತ್ತರಕ್ಕೆ ಬೆಳೆಯಿತು. ತಪ್ಪೆಂದು ಯಾರೂ ಅನ್ನಲಿಲ್ಲ. ಮಕ್ಕಳೆಲ್ಲ ಅದರ ನೆರಳಿನಲ್ಲೇ ಆಡುತ್ತಿದ್ದರು.

ಈರಸಂಗಪ್ಪ ತಲೆಯೆತ್ತಿ ಗುರುಗಳ ಗಡ್ಡವನ್ನೇ ನೋಡಿದ.

ಗುರುಗಳು ಎರಡೂ ಕೈಗಳಿಂದ ಗಡ್ಡ ಮುಚ್ಚಿಕೊಂಡರು. “ಕೊನೆಯ ಒಂದು ಸಣ್ಣ ಭಾಗ ಮಾತ್ರ ನಾನು ಕಟ್ಟಿ ಹೇಳಿದೆ, ಈರಸಂಗಪ್ಪ: ಪಾಡ್ಯ ಇರುವುದು ನಾಳೆ.”