ಗದಿಗೆಪ್ಪ ಮಾವನಿಗೆ ಚೀಟಿ ಹಚ್ಚಿದ್ದು

ಹೇಳಿದ ಮಾತು ಕೇಳುವ ಮಗ ಬೇಕು ಅಂತ ಫಕೀರವ್ವ ದೇವರಿಗೆ ಹರಕೆ ಹೊತ್ತಿದ್ದಳಂತೆ. ದೇವರು ಕೊಟ್ಟ. ಸ್ವಲ್ಪ ಹೆಚ್ಚಾಗಿಯೇ ಕೊಟ್ಟ.

ಮಗನ ಹೆಸರು ಗದಿಗೆಪ್ಪ. ಹಾಲು ನೋಡು ಅಂದರೆ ಉಕ್ಕಿ ಒಲೆ ಆರುವ ತನಕ ನೋಡುವವ. ಬಾಗಿಲು ಹಾಕು ಅಂದರೆ ಅವ್ವನನ್ನು ಹೊರಗೆ ಬಿಟ್ಟು ಹಾಕುವವ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಖರೆ. ಆದರೆ ಹೆಗ್ಗಣಕ್ಕೆ ಹೆಣ್ಣು ಕೊಡುವವರು ಸಿಗಬೇಕಲ್ಲ?

ಕೊನೆಗೆ ನವಲಗುಂದದ ಸಂಗಪ್ಪ ಅನ್ನುವ ಹಿರಿಯರು ತಮ್ಮ ಮಗಳು ಕಸ್ತೂರಿಯನ್ನು ಕೊಡಲು ಅರ್ಧ ಮನಸ್ಸು ಮಾಡಿದರು. ಉಳಿದರ್ಧಕ್ಕೆ ಒಂದು ಷರತ್ತು.

"ಹುಡುಗ ಒಂದ ಕಡೆ ಕೆಲಸದಾಗ ಇರೂದನ್ನ ನಾ ಕಣ್ಣಾರೆ ನೋಡಬೇಕು. ಬರೋ ರವಿವಾರ ಬರ್ತೀನಿ. ಅವತ್ತಿಗೆ ಕೆಲಸ ಇರಲಿಲ್ಲಂದ್ರ ಈ ಮಾತು ಇಲ್ಲಿಗೇ ಬಿಡೋಣು."

ಫಕೀರವ್ವ ಧಾರವಾಡದ ಒಂದು ಚಿತ್ರಕಲಾ ಕಾಲೇಜಿನ ಕ್ಯಾಂಟೀನಿನಲ್ಲಿ ಚಹಾ ಮಾಡುವವಳು. ಅದೇ ವಾರ ಅಲ್ಲಿ ಹುಡುಗರ ಪ್ರದರ್ಶನ. ಬಣ್ಣ ಇಲ್ಲ, ಕುಂಚ ಇಲ್ಲ. ಎಲ್ಲ ಕಂಪ್ಯೂಟರು, ಪ್ರೊಜೆಕ್ಟರು, ಕಾಲಿಗೆ ತೊಡರುವ ವೈರು. ಇದು ಹೊಸ ಕಾಲದ ಡಿಜಿಟಲ್ ಕಲೆಯಂತೆ. ಅದನ್ನು ಕಾಯಲು ಒಬ್ಬ ಆಳು ಬೇಕಿತ್ತು. ಫಕೀರವ್ವ ಹೊಸಕೇರಿ ಸರ್ ಮುಂದೆ ಶುಂಠಿ ಚಹಾ ಇಟ್ಟು ಕೈ ಮುಗಿದಳು. ಹೊಸಕೇರಿ ಸರ್ ಆ ಪ್ರದರ್ಶನದ ಯಜಮಾನರು. ಅವರ ಎಂಥ ಸಿಟ್ಟೂ ಶುಂಠಿ ಚಹಾದಲ್ಲಿ ಕರಗುತ್ತಿತ್ತು.

"ನಿನಗ ಒಂದ ಕೆಲಸ, ಗದಿಗೆಪ್ಪ," ಅಂದರು ಸರ್. "ಯಾರಿಗೂ ಏನೂ ಮುಟ್ಟಲಿಕ್ಕೆ ಬಿಡಬ್ಯಾಡ. ಯಾರೇ ಬರಲಿ."

"ಆತ್ರೀ ಸರ್, ಹಂಗ ಮಾಡ್ತೀನಿ," ಅಂದ. ಹಾಗೇ ಮಾಡಿದ.

ಉದ್ಘಾಟನೆಗೆ ಪೇಟ ಸುತ್ತಿಕೊಂಡ ಮುಖ್ಯ ಅತಿಥಿ ಬಂದರು. ಈ ಪ್ರದರ್ಶನದಲ್ಲಿ ದೀಪವೂ ಸ್ಕ್ರೀನಿನ ಒಳಗೇ. ಬೆರಳು ಮುಟ್ಟಿಸಿದರೆ ಬತ್ತಿ ಹತ್ತಿಕೊಳ್ಳಬೇಕು. ಪ್ರಾರ್ಥನೆ ಮುಗಿಯಿತು, ಅತಿಥಿ ಬೆರಳು ಚಾಚಿದರು. ಗದಿಗೆಪ್ಪ ಗಬಕ್ಕನೆ ಅವರ ಮುಂಗೈ ಹಿಡಿದ.

"ಮುಟ್ಟಬ್ಯಾಡ್ರಿ."

"ನಾ ಉದ್ಘಾಟನಾ ಮಾಡಬೇಕಲ್ಲಪಾ."

"ದೂರ ನಿಂತು ಮಾಡ್ರಿ."

ಅತಿಥಿ ಎಳೆದರು, ಇವ ಬಿಡಲಿಲ್ಲ. ಪೇಟ ಉರುಳಿತು. ಹುಡುಗರು ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಸರ್ ಅವನನ್ನು ಮೂಲೆಗೆ ಎಳೆದೊಯ್ದರು. "ಏ ಪೆದ್ದ, ಇದು ಮುಟ್ಟೋ ಕಲಾನೋ. ಬಂದವರ ಕೈ ಹಿಡಿದು ನೀನ ಮುಟ್ಟಸಬೇಕು."

"ಆತ್ರೀ ಸರ್, ಇನ್ನ ಹಂಗ ಮಾಡ್ತೀನಿ," ಅಂದ. ಹಾಗೇ ಮಾಡಿದ.

ಮರುದಿನ ಇಬ್ಬರು ಹುಡುಗಿಯರು ನೆಲದ ತುಂಬ ರಂಗೋಲಿಯ ಕೊಳ ಹಾಕಿದ್ದರು. ಮೇಲಿನಿಂದ ಪ್ರೊಜೆಕ್ಟರ್ ಬಿಟ್ಟರೆ ಆ ಕೊಳದಲ್ಲಿ ಬೆಳಕಿನ ಮೀನು ಓಡಾಡುತ್ತಿದ್ದವು. ಗದಿಗೆಪ್ಪ ಬಂದವರನ್ನೆಲ್ಲ ನೆಲಕ್ಕೆ ಕೂಡ್ರಿಸಿ, ಕೈ ಹಿಡಿದು ಮುಟ್ಟಿಸಿದ. ಮೊಣಕಾಲು ನೋವಿನ ಮುದುಕಿ ಒಬ್ಬಳು ಒಲ್ಲೆ ಅಂದರೂ ಬಿಡಲಿಲ್ಲ. "ಸರ್ ಹೇಳ್ಯಾರ, ಮುಟ್ಟ್ರಿ ಯಮ್ಮಾ." ಮಧ್ಯಾಹ್ನದ ಹೊತ್ತಿಗೆ ರಂಗೋಲಿ ಊರವರ ಅಂಗೈ ಸೇರಿತ್ತು. ಮೀನುಗಳು ಬರಿ ನೆಲದ ಮೇಲೆ ಈಜುತ್ತಿದ್ದವು.

ಹುಡುಗಿಯರು ಅತ್ತರು. ಸರ್ ಬೈದರು. ಫಕೀರವ್ವ ಚಹಾ ತಂದಳು. ಸರ್ ಕುಡಿದರು, ತುಸು ಮೆತ್ತಗಾದರು.

"ನಿನ್ನ ಅಕ್ಷರ ಚೊಲೋ ಅದಾವಂತ ನಿಮ್ಮವ್ವ ಹೇಳ್ತಾಳ. ಇನ್ನ ಮುಟ್ಟಸೋದೂ ಬ್ಯಾಡ, ಬಿಡಸೋದೂ ಬ್ಯಾಡ. ಸುತ್ತ ಹಗ್ಗ ಕಟ್ಟು. ಹೆಸರೇನು, ಯಾತರಿಂದ ಮಾಡಿದ್ದು, ಯಾರು ಮಾಡಿದ್ದು ಅಂತ ಒಂದ ಚೀಟಿ ಬರದು ಹಚ್ಚು. ಚೀಟಿ ಇಲ್ಲಂದ್ರ ಅದು ಕಲಾ ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?"

"ಆತ್ರೀ ಸರ್, ಇನ್ನ ಹಂಗ ಮಾಡ್ತೀನಿ." ಮಾಡಿದ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಮಾಡಿದ. ಬಾಗಿಲಲ್ಲಿ ಮಂದಿ ಬಿಟ್ಟ ಚಪ್ಪಲಿಗೆ ಹಗ್ಗ, ಚೀಟಿ. ಸಂಡಾಸಿನ ಬಾಗಿಲಿಗೆ ಹಗ್ಗ, ಚೀಟಿ. ನೆಲ ಒರೆಸುವ ಬಕೀಟಿಗೂ ಹಗ್ಗ, ಮುತ್ತಿನಂಥ ಅಕ್ಷರದಲ್ಲಿ ಚೀಟಿ: "ಬಕೀಟು. ಸಾಮಗ್ರಿ: ಪ್ಲಾಸ್ಟಿಕ್, ಅರಿವಿ, ಹೊಲಸು ನೀರು. ಮಾಡಿದವರು: ಹೊಲಸು ಮಾಡಿದವರು ಎಲ್ಲರೂ."

ಬೇರೆ ಯಾವ ಕಲೆಯ ಮುಂದೆಯೂ ನಿಲ್ಲದ ಜನ ಬಕೀಟಿನ ಮುಂದೆ ನಿಂತರು. ಗಡ್ಡದವರೊಬ್ಬರು "ಎಂಥಾ ಸತ್ಯ" ಅಂತ ಕಣ್ಣು ಒರೆಸಿಕೊಂಡರು. ಅತ್ತ ಹೊಸಕೇರಿ ಸರ್ ಮಾತ್ರ ಸಂಡಾಸಿನ ಹಗ್ಗದ ಈಚೆ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದರು.

ಹಗ್ಗ ಬಿಚ್ಚಿಸಿ, ಒಳಗೆ ಹೋಗಿ ಬಂದು, ಆಮೇಲೆ ಬೈದರು. "ಸುಮ್ಮ ಬಿದ್ದದ್ದು ಕಲಾ ಅಲ್ಲೋ. ನಮ್ಮ ಕಲಾ ಅಂದ್ರ ಅದು ಅಲುಗಾಡಬೇಕು, ದನಿ ಮಾಡಬೇಕು, ಅದರಿಂದ ಗ್ವಾಡಿ ಮ್ಯಾಲೆ ಏನಾರ ಆಗಬೇಕು. ಅಂಥದ್ದಕ್ಕಷ್ಟ ಚೀಟಿ ಹಚ್ಚು. ಇನ್ನೊಂದ ತಪ್ಪು ಮಾಡಿದಿ ಅಂದ್ರ ನೀ ಮನಿಗೆ. ಚಹಾ ಕೊಟ್ಟರೂ ಕೇಳೂದಿಲ್ಲ."

ಅವತ್ತು ಶನಿವಾರ. ಊಟಕ್ಕೆ ಬಡಿಸುತ್ತ ಫಕೀರವ್ವನಿಗೆ ಅಳು ಬಂತು. ಮಗ ಪೆದ್ದ ಅಂತ ಅವಳಿಗೆ ನಾಚಿಕೆ ಇರಲಿಲ್ಲ. ಅಂಜಿಕೆ ಇತ್ತು. ತಾನು ಹೋದ ಮೇಲೆ ಇವನಿಗೆ ತಿಳಿಸಿ ಹೇಳುವವರು ಯಾರು? ಬಯ್ದು ಆಮೇಲೆ ರೊಟ್ಟಿ ಬಡಿಸುವವರು ಯಾರು?

"ನಾಳೆ ಒಂದ ದಿನ ನೆಟ್ಟಗ ಇರು, ನನ್ನಪ್ಪ. ನವಲಗುಂದದವರು ಬರ್ತಾರ. ಅವರು ನಿನಗ ಮಾವ ಆಗೋರು, ನೆನಪಿರಲಿ."

"ಮಾವ. ಆತವ್ವ."

ರವಿವಾರ ಬಂತು. ಸಬೀಹಾ ಅನ್ನುವ ಹುಡುಗಿಯದು ಒಂದು ಕಲಾಕೃತಿ ಇತ್ತು. ಕತ್ತಲೆ ಕೋಣೆ, ಗೋಡೆಯ ಮೇಲೆ ಬೆಳಕಿನ ಒಂದು ಬೋಳು ಮರ, ಎದುರಿಗೆ ಮೈಕು, ಕುರ್ಚಿ. ಮೈಕಿನಲ್ಲಿ ದನಿ ಬಿದ್ದರೆ ಮರದಲ್ಲಿ ಹೂವು ಅರಳಬೇಕು. ಬಂದವರೆಲ್ಲ "ಹಲೋ, ಹಲೋ" ಅಂದು, ಎರಡು ಹೂವು ನೋಡಿ ಹೋಗುತ್ತಿದ್ದರು. ಮರ ತುಂಬಿದ್ದನ್ನು ಸಬೀಹಾಳೂ ಕಂಡಿರಲಿಲ್ಲ.

ಸಂಗಪ್ಪ ಮುಂಜಾನೆಯ ಬಸ್ಸು ಹತ್ತಿ ಬಂದರು. ನಿಂತೇ ಬಂದಿದ್ದರು, ದಣಿದಿದ್ದರು. ಹುಡುಗನನ್ನು ಹುಡುಕುತ್ತ ಕತ್ತಲೆ ಕೋಣೆಗೆ ಬಂದರು. ಕುರ್ಚಿ ಕಂಡಿತು, ಕೂತರು. ತಂಪಾಗಿತ್ತು. ರುಮಾಲು ಒಂದು ಕಡೆ ವಾಲಿತು. ಗೊರಕೆ ಶುರುವಾಯಿತು.

ಗೊರ್ರ್ ಅಂದರು, ಒಂದು ಕೊಂಬೆ ಅರಳಿತು. ಗೊರ್ರ್ ಅಂದರು, ಮತ್ತೊಂದು ಕೊಂಬೆ.

ಗದಿಗೆಪ್ಪ ಬಂದು ನೋಡಿದ. ನವಲಗುಂದದವರೇ, ಅವ್ವ ಹೇಳಿದ ಮಾವ. ಹೊಟ್ಟೆ ಏರಿ ಇಳಿದು ಅಲುಗಾಡುತ್ತಿದೆ. ದನಿ ಮಾಡುತ್ತಿದೆ. ಗೋಡೆಯ ಮೇಲೆ ಏನೋ ಆಗುತ್ತಿದೆ. ಮೂರೂ ಸರಿ ಇದೆ. ಹಗ್ಗ ತಂದ, ಕುರ್ಚಿಯ ಸುತ್ತ ಕಟ್ಟಿದ. ಚೀಟಿ ಬರೆದ: "ನಮ್ಮ ಮಾವ. ಸಾಮಗ್ರಿ: ರುಮಾಲು, ಧೋತ್ರ, ಮೀಸೆ. ಮಾಡಿದವರು: ಅವರ ಅವ್ವ ಅಪ್ಪ."

ಜನ ಸೇರಿದರು. ಬಹುಮಾನ ಆರಿಸಲು ಹೊರಗಿನಿಂದ ಬಂದ ತೀರ್ಪುಗಾರರೂ ಬಂದರು. ಮರ ಬೇರಿನಿಂದ ತುದಿಯ ತನಕ ಹೂ ಬಿಟ್ಟು ನಿಂತಿತ್ತು. ಸಬೀಹಾ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಿದಳು. ತೀರ್ಪುಗಾರರು ಅಲ್ಲೇ ಅವಳಿಗೆ ಮೊದಲ ಬಹುಮಾನ ಅಂದರು. ಚಪ್ಪಾಳೆ ಬಿತ್ತು. ಸಂಗಪ್ಪ ದಡಕ್ಕನೆ ಎದ್ದರು.

ಚಹಾ ಹಿಡಿದು ಬಂದ ಫಕೀರವ್ವ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತಳು. "ಹೋತು. ಕೂಡಿ ಬಂದಿದ್ದ ಸಂಬಂಧ ಹೋತು."

ಸಂಗಪ್ಪ ಕಣ್ಣುಜ್ಜಿಕೊಂಡು ಚೀಟಿ ಓದಿದರು. ಎರಡು ಸಲ ಓದಿದರು.

"ಅಲ್ಲೋ ಹುಡುಗ, ನಾ ಇನ್ನೂ ಹೂಂ ಅಂದಿಲ್ಲ. ಆಗಲೇ ಮಾವ ಅಂತ ಬರದು ಹಚ್ಚಿದಿಯಲ್ಲ?"

"ಅವ್ವ ಹೇಳಿದ್ಲರಿ."

"ಇದನ್ನ ಎಷ್ಟ ಮಂದಿ ಓದಿದ್ರು?"

"ಎಲ್ಲಾರೂ ಓದ್ಯಾರ್ರಿ."

ಸಂಗಪ್ಪ ಮೀಸೆಯಲ್ಲೇ ನಕ್ಕರು. "ನಾಕು ಮಂದಿ ಮುಂದ ಆದ ಮಾತು ನಾ ಹಿಂದ ತಗೊಳ್ಳೋ ಮನಷ್ಯಾ ಅಲ್ಲ. ಏಳವ್ವಾ ಬೀಗತಿ, ಚಹಾ ಕೊಡು. ನನ್ನ ಗೊರಕಿಗೆ ಮನ್ಯಾಗ ಬೈಗಳ ಬಿಟ್ಟು ಬ್ಯಾರೆ ಏನೂ ಸಿಕ್ಕಿರಲಿಲ್ಲ. ಇಲ್ಲಿ ಚಪ್ಪಾಳಿ ಸಿಕ್ತು."

ಫಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು. ಹೊಸಕೇರಿ ಸರ್ ಕೂಡ ಬೈಯುವುದನ್ನು ಮರೆತರು. ಪ್ರದರ್ಶನ ಮುಗಿದಿತ್ತು, ಸಾಮಾನು ಕಟ್ಟಿಸುವ ಅವಸರ ಅವರಿಗೆ.

"ಗದಿಗೆಪ್ಪ, ಚೀಟಿ ಹಚ್ಚಿದ್ದು ಏನೇನ ಹೊರಗ ಹೋಗ್ತದ, ಎಲ್ಲಾದಕ್ಕೂ ಗುಳ್ಳಿ ಪ್ಲಾಸ್ಟಿಕ್ ಸುತ್ತು. ಯಾವ ಕಡೆ ಮ್ಯಾಲೆ ಅಂತ ಬರಿ. ಒಂದಕ್ಕೂ ಗೀರು ಬೀಳಬಾರದು."

"ಆತ್ರೀ ಸರ್, ಹಂಗ ಮಾಡ್ತೀನಿ."

ಸಂಗಪ್ಪ ಇನ್ನೂ ಅಲ್ಲೇ ನಿಂತಿದ್ದರು. ತಮ್ಮ ಗೊರಕೆಗೆ ಬಹುಮಾನ ಬಂದ ಮೇಲೆ ಶಾಲು ಹೊದಿಸಬೇಕಲ್ಲ, ಅದಕ್ಕೆ ಕಾಯುತ್ತಿದ್ದರು. ಗದಿಗೆಪ್ಪ ಗಾಳಿ ತುಂಬಿದ ಗುಳ್ಳೆಗಳ ಪ್ಲಾಸ್ಟಿಕ್ಕಿನ ದೊಡ್ಡ ಸುರುಳಿ ಹಿಡಿದು ಬಂದ. ಈಗಿನ ಕಾಲದ ಶಾಲು ಹೀಗೇ ಇರಬೇಕು ಅಂತ ಸಂಗಪ್ಪ ಕೈ ಮುಗಿದು, ತಲೆ ಬಾಗಿಸಿ ನಿಂತರು. ಗದಿಗೆಪ್ಪ ಹೆಗಲಿಗೆ ಸುತ್ತಿದ, ಸೊಂಟಕ್ಕೆ ಸುತ್ತಿದ, ಮೊಣಕಾಲ ತನಕ ಸುತ್ತಿದ. ರುಮಾಲಿನ ಮೇಲೆ ಚೀಟಿ ಅಂಟಿಸಿದ: "ಈ ಕಡೆ ಮೇಲೆ." ಹೊತ್ತುಕೊಂಡು ಹೋಗಿ ನವಲಗುಂದದ ಬಸ್ಸಿನಲ್ಲಿ ನೆಟ್ಟಗೆ ನಿಲ್ಲಿಸಿದ.

ಆಳಿನ ಟಿಕೀಟು ಹರಿಯಬೇಕೋ ಲಗೇಜಿನದೋ ಅಂತ ಕಂಡಕ್ಟರ್ ಬಹಳ ಹೊತ್ತು ಯೋಚಿಸಿದ. ಬಸ್ಸಿನ ಮಕ್ಕಳೆಲ್ಲ ದಾರಿಯುದ್ದಕ್ಕೂ ಟಪ್ ಟಪ್ ಅಂತ ಗುಳ್ಳೆ ಒಡೆಯುತ್ತ ಬಂದರು. ಊರಲ್ಲಿ ಇಳಿದಾಗ ಕಸ್ತೂರಿ ಕಾಯುತ್ತಿದ್ದಳು.

"ಯಪ್ಪಾ, ಏನಿದು?"

"ನಿನ್ನ ಗಂಡ ಆಗಾಂವ ಹೊದಿಸಿದ ಶಾಲು, ನನ್ನವ್ವ."

ಕಸ್ತೂರಿ ಸುತ್ತಲೂ ತಿರುಗಿ ನೋಡಿದಳು, ರುಮಾಲಿನ ಮೇಲಿನ ಚೀಟಿ ಓದಿದಳು. ಅಪ್ಪನ ಬೆನ್ನಿನ ಮೇಲೆ ಒಂದೇ ಒಂದು ಗುಳ್ಳೆ ಉಳಿದಿತ್ತು. ಟಪ್ ಅಂತ ಒಡೆದಳು.

"ಇಂವ ಆಗಬಹುದು," ಅಂದಳು.